ಶಾರ್ದೂಲವೋ, ಜಲಾಶ್ವವೋ: ಪರಿಹಾರಕ್ಕೆ ಯಾವ ನೌಕೆ?
ಚಂಡಮಾರುತಕ್ಕೆ ಬಂದರಿನ ಧಕ್ಕೆಯೇ ಕುಸಿದಿರುವಾಗ ಸಾಮಗ್ರಿಯನ್ನು ದಡ ಮುಟ್ಟಿಸುವುದು ಹೇಗೆಂಬುದೇ ಮೊದಲು ಕೇಳಬೇಕಾದ ಪ್ರಶ್ನೆ. ಭಾರತೀಯ ನೌಕಾಪಡೆಯ ಐಎನ್‌ಎಸ್ ಶಾರ್ದೂಲ್ ಮರಳಿನ ದಂಡೆಗೇ ಮೂತಿಯೂರಿ, ಮುಂಬಾಗಿಲು ತೆರೆದು ಲಾರಿಗಳನ್ನು ನೇರವಾಗಿ ಇಳಿಸಬಲ್ಲದು. ಬಂಡೆಗಳಿರುವ ತೀರದಲ್ಲಿ ಮಾತ್ರ ಈ ಅನುಕೂಲ ದಕ್ಕದು. ಅದಕ್ಕಿಂತ ಬಹಳ ದೊಡ್ಡದಾದ ಐಎನ್‌ಎಸ್ ಜಲಾಶ್ವ ಆಳನೀರಿನಲ್ಲೇ ನಿಂತು, ಹಿಂಬದಿಯ ಅಂಕಣಕ್ಕೆ ಸಮುದ್ರದ ನೀರನ್ನು ತುಂಬಿಸಿಕೊಂಡು, ಒಳಗಿರುವ ದೋಣಿಗಳನ್ನು ಸರಕಿನ ಸಮೇತ ತೇಲಿಬಿಡುತ್ತದೆ. ಹೆಲಿಕಾಪ್ಟರ್‌ಗಳಿಗೆ ಅಟ್ಟವೂ ಗಾಯಾಳುಗಳಿಗೆ ಶಸ್ತ್ರಚಿಕಿತ್ಸಾ ಕೊಠಡಿಗಳೂ ಅದರಲ್ಲಿವೆ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಿಂದ ಕೊಚ್ಚಿಗೆ ಒಂದೇ ಯಾನದಲ್ಲಿ 698 ಮಂದಿಯನ್ನು ಅದು ಕರೆತಂದಿತು. ಜನರ ಸ್ಥಳಾಂತರವೇ ಮುಖ್ಯವಾದರೆ ನನ್ನ ಆಯ್ಕೆ ಜಲಾಶ್ವವೇ. ಆದರೂ 2019ರ ಇಡಾಯ್ ಚಂಡಮಾರುತದ ಬಳಿಕ ಮೊಜಾಂಬಿಕ್‌ನ ಬೈರಾಕ್ಕೆ ಧಾವಿಸಿದ್ದು ಆ ಸೀಮೆಯಲ್ಲೇ ಇದ್ದ ಶಾರ್ದೂಲ್, ಸುಜಾತಾ ಮತ್ತು ಸಾರಥಿ; ಸಮೀಪದಲ್ಲಿರುವ ಸಣ್ಣ ಹಡಗು ದೂರದ ದೊಡ್ಡದಕ್ಕಿಂತ ಮೊದಲು ಕುಡಿಯುವ ನೀರು ಕೊಡುತ್ತದೆ.