ನಂದಿ ಏರಿಗೆ ಹಳೇ ಸೈಕಲ್ಲೋ, ಹೊಸದೋ?

ಚಿಕ್ಕಬಳ್ಳಾಪುರದಲ್ಲಿ ರೋಡ್ ಸೈಕಲ್ ಇಟ್ಟುಕೊಂಡವರಿಗೆ ನಂದಿ ಬೆಟ್ಟವೇ ಅಳತೆಗೋಲು. ಬುಡದಿಂದ ಏಳೆಂಟು ಕಿಲೋಮೀಟರ್ ಏರು, ತುದಿ 1,478 ಮೀಟರ್ ಎತ್ತರ. ಹಳೇ ಸೈಕಲ್ಲಿಗೇ ದುಡ್ಡು ಹಾಕೋದಾ, ಹೊಸದು ಕೊಳ್ಳೋದಾ ಅನ್ನೋ ಪ್ರಶ್ನೆ ನನಗೆ ಎದ್ದಿದ್ದು ಆ ಏರಿನಲ್ಲೇ. ಉತ್ತರವನ್ನೂ ಅಲ್ಲೇ ಹುಡುಕಿದೆ. ಗೆಳೆಯನ ಹೊಸ ಸೈಕಲ್ ಕೆಲವು ವಾರ ಇಸ್ಕೊಂಡು, ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿದೆ.

ನನ್ನದು ಉಕ್ಕಿನ ಫ್ರೇಮು, ಚಕ್ರದ ಅಂಚನ್ನೇ (ರಿಮ್ಮು) ಹಿಡಿಯುವ ರಿಮ್ ಬ್ರೇಕು, ಹಿಂದೆ 8 ಗೇರು. ಗೆಳೆಯನದು ಅಲ್ಯೂಮಿನಿಯಂ ಫ್ರೇಮು, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು. ತೂಕದಲ್ಲಿ ಅದು ಒಂದು ಕಿಲೋ ಕಡಿಮೆ. ಎಲ್ಲರೂ ಮೊದಲು ಕೇಳೋದು ಈ ತೂಕವನ್ನೇ. ಆದರೆ ನಾನು, ಸೈಕಲ್ಲು, ನೀರು ಎಲ್ಲ ಸೇರಿ ಸುಮಾರು 80 ಕಿಲೋ. ಅದರಲ್ಲಿ ಒಂದು ಕಿಲೋ ಇಳಿದರೆ ಮುಕ್ಕಾಲು ಗಂಟೆಯ ಏರಿನಲ್ಲಿ ಉಳಿಯೋದು ಅರ್ಧ ನಿಮಿಷ. ಅದಕ್ಕೆ ನಾನಂತೂ ಸೈಕಲ್ ಬದಲಿಸಲ್ಲ.

ನಿಜವಾದ ವ್ಯತ್ಯಾಸ ಇದ್ದದ್ದು ಗೇರಿನಲ್ಲಿ. ನನ್ನ ಹಳೇ ಸೈಕಲ್ಲಿನ ಮುಂದಿನ, ಅಂದ್ರೆ ಪೆಡಲ್ ಹತ್ತಿರ ಚೈನು ಕೂರುವ ಚಿಕ್ಕ ಹಲ್ಲಿನ ಚಕ್ರಕ್ಕೆ 42 ಹಲ್ಲು, ಹಿಂದಿನ ದೊಡ್ಡದಕ್ಕೆ 25. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಮೂರೂವರೆ ಮೀಟರ್ ಮುಂದೆ ಹೋಗಬೇಕು. ನಿಮಿಷಕ್ಕೆ 60 ಸುತ್ತು ತುಳಿಯಬೇಕು ಅಂದ್ರೆ ಏರಿನಲ್ಲೂ ಗಂಟೆಗೆ 12 ಕಿಲೋಮೀಟರಿನ ಮೇಲೇ ಹೋಗಬೇಕು. ನನ್ನ ಕಾಲಿಗೆ ಅದು ಆಗಲ್ಲ. ಕಡಿದಾದ ತಿರುವುಗಳಲ್ಲಿ ಎದ್ದು ನಿಂತು ತುಳಿದು ತುಳಿದು ಮಂಡಿ ನೋಯುತ್ತಿತ್ತು. ಹೊಸದರಲ್ಲಿ ಮುಂದೆ 34, ಹಿಂದೆ 32. ಒಂದು ಸುತ್ತಿಗೆ ಎರಡೂಕಾಲು ಮೀಟರ್ ಅಷ್ಟೇ. ಗಂಟೆಗೆ 8 ಕಿಲೋಮೀಟರಿನಲ್ಲೂ ಕೂತೇ ಹತ್ತಬಹುದು. ಮೇಲೆ ಮುಟ್ಟಿದಾಗ ಮಂಡಿ ತಣ್ಣಗಿತ್ತು, ಉಸಿರೂ ಹತೋಟಿಯಲ್ಲಿತ್ತು.

ಹಾಗಾದ್ರೆ ಹೊಸದೇ ಗೆದ್ದಿತಲ್ವಾ? ಇಲ್ಲ. ಈ ಗೇರನ್ನು ಹಳೇದಕ್ಕೂ ಹಾಕಬಹುದು. ಮುಂದಿನ ಚಿಕ್ಕ ಹಲ್ಲಿನ ಚಕ್ರ ಒಂದನ್ನೇ ಬದಲಿಸೋಣ ಅಂದರೆ ಆಗಲ್ಲ. ಹಳೇ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) ಹಲ್ಲಿನ ಚಕ್ರ ಹಿಡಿಯುವ ಬೋಲ್ಟುಗಳ ವೃತ್ತ 130 ಮಿಲಿಮೀಟರ್, ಅದರಲ್ಲಿ 38 ಹಲ್ಲಿಗಿಂತ ಚಿಕ್ಕದು ಕೂರಲ್ಲ. ಹಾಗಾಗಿ ಇಡೀ ಕ್ರ್ಯಾಂಕನ್ನೇ 50 ಮತ್ತು 34 ಹಲ್ಲಿನ ಚಕ್ರ ಇರುವುದಕ್ಕೆ ಬದಲಿಸಿದೆ. ಹಿಂದೆ ದೊಡ್ಡದಕ್ಕೆ 32 ಹಲ್ಲಿರುವ ಕ್ಯಾಸೆಟ್ಟು (ಹಿಂದಿನ ಹಲ್ಲಿನ ಚಕ್ರಗಳ ಗುಂಪು), ಅದಕ್ಕೆ ತಕ್ಕ ಉದ್ದ ತೋಳಿನ ಶಿಮಾನೋ ಕ್ಲಾರಿಸ್ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ), ಹೊಸ ಚೈನು. ಹಿಂದೆ 8 ಗೇರೇ ಉಳಿಸಿಕೊಂಡಿದ್ದರಿಂದ ಹ್ಯಾಂಡಲ್ ಮೇಲಿನ ಗೇರ್ ಲಿವರ್ ಮುಟ್ಟಬೇಕಾಗಲಿಲ್ಲ. ಖರ್ಚು ಉಳಿದದ್ದು ಅಲ್ಲೇ. ಹತ್ತೋ ಹನ್ನೊಂದೋ ಗೇರಿಗೆ ಹೋಗಿದ್ದರೆ ಲಿವರ್ ಕೂಡ ಬೇಕಿತ್ತು, ಬಿಲ್ಲು ಎಲ್ಲಿಗೋ ಹೋಗುತ್ತಿತ್ತು. ಬ್ರೇಕ್ ಪ್ಯಾಡು, ಕೇಬಲ್ಲು, ಟೈರು ಎಲ್ಲ ಸೇರಿ ನನಗೆ ಹದಿನಾಲ್ಕು ಸಾವಿರದ ಆಸುಪಾಸು ಆಯಿತು. ಗೆಳೆಯ ತನ್ನದಕ್ಕೆ ಕೊಟ್ಟದ್ದು ಇದರ ನಾಲ್ಕು ಪಟ್ಟಿಗೂ ಜಾಸ್ತಿ.

ಟೈರಿನಲ್ಲಿ ಮಾತ್ರ ಹಳೇದು ಒಂದು ಹಂತಕ್ಕೆ ನಿಂತುಬಿಡುತ್ತದೆ. ನಮ್ಮ ಕಡೆ ಟಿಪ್ಪರ್‌ಗಳಿಂದ ಬಿದ್ದ ಜಲ್ಲಿ ರಸ್ತೆ ಅಂಚಿನಲ್ಲಿ ಹರಡಿರುತ್ತದೆ, ಸೈಕಲ್ಲಿನವರು ಹೋಗೋದೂ ಆ ಅಂಚಿನಲ್ಲೇ. 23 ಮಿಲಿಮೀಟರಿನ ಸಣ್ಣ ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಬೇಕು, ಕೈಗೆಲ್ಲ ಕಂಪನ. 25ರದ್ದು ಹಾಕಿದ ಮೇಲೆ ಸ್ವಲ್ಪ ಗಾಳಿ ಕಮ್ಮಿ ಮಾಡಿ ಆರಾಮಾಗಿ ಓಡಿಸುತ್ತೇನೆ. 28 ಹಾಕಿ ನೋಡಿದರೆ ಬ್ರೇಕಿನ ಕೆಳಗೆ ಉಜ್ಜಿತು. ಹೊಸದರಲ್ಲಿ 32 ಕೂಡ ಸಲೀಸಾಗಿ ಕೂರುತ್ತದೆ. ಮುದ್ದೇನಹಳ್ಳಿ ಕಡೆಯ ಹಳ್ಳಿ ರಸ್ತೆಗಳಲ್ಲಿ ಸುತ್ತೋದೇ ನಿಮ್ಮ ಖುಷಿಯಾದರೆ ಇದೊಂದೇ ಕಾರಣಕ್ಕೆ ಹೊಸದು ಕೊಳ್ಳಬಹುದು.

ಇಳಿಯುವಾಗಲೂ ಹೊಸದೇ ಮೇಲು. ಒಣ ರಸ್ತೆಯಲ್ಲಿ ಒಳ್ಳೆ ಪ್ಯಾಡ್ ಹಾಕಿದ ರಿಮ್ ಬ್ರೇಕು ನನಗೆ ಸಾಕು. ಮಂಜು ಹನಿದು ರಿಮ್ಮು ಒದ್ದೆಯಾದರೆ ಕತೆ ಬೇರೆ. ಬ್ರೇಕ್ ಒತ್ತಿದ ಮೇಲೂ ಪ್ಯಾಡು ನೀರನ್ನು ಒರೆಸಿ ಹಾಕುವವರೆಗೆ ಸರಿಯಾಗಿ ಹಿಡಿಯಲ್ಲ. ನಂದಿಯ ತಿರುವಿನಲ್ಲಿ ಎದುರಿಗೆ ಕಾರು ಬಂದಾಗ ಆ ಒಂದೆರಡು ಕ್ಷಣ ತುಂಬ ದೊಡ್ಡದು. ಡಿಸ್ಕಿನಲ್ಲಿ ಈ ಭಯ ಕಮ್ಮಿ, ಎರಡು ಬೆರಳಲ್ಲೇ ನಿಲ್ಲುತ್ತದೆ. ಹಳೇ ಫ್ರೇಮಿಗೆ ಡಿಸ್ಕ್ ಕೂರಿಸೋಕೆ ಜಾಗವೇ ಇರೋದಿಲ್ಲ, ಆ ಆಸೆ ಬಿಡಬೇಕು. ಮಳೆಗಾಲದ ಬೆಳಗ್ಗೆ ನಾನು ಬೆಟ್ಟ ಬಿಟ್ಟು ಕೆಳಗಿನ ದಾರಿಯಲ್ಲೇ ಓಡಿಸುತ್ತೇನೆ. ವರ್ಷವಿಡೀ ಬೆಟ್ಟ ಹತ್ತಿ ಇಳಿಯುವವರಿಗೆ ಡಿಸ್ಕ್ ಇರುವ ಹೊಸ ಸೈಕಲ್ಲನ್ನೇ ಹೇಳುತ್ತೇನೆ.

ನಾನು ಹಳೇದನ್ನೇ ಇಟ್ಟುಕೊಂಡೆ. ಫ್ರೇಮಿನ ಅಳತೆ ನನ್ನ ಮೈಗೆ ಸರಿಯಾಗಿದೆ, ಎಲ್ಲೂ ಬಿರುಕಿಲ್ಲ, ಸೀಟಿನ ಕಂಬಿ ತುಕ್ಕು ಹಿಡಿದು ಸಿಕ್ಕಿಕೊಂಡಿಲ್ಲ. ನೀವೂ ದುಡ್ಡು ಹಾಕುವ ಮುಂಚೆ ಇವನ್ನು ನೋಡಿ. ಅಳತೆಯೇ ಸರಿ ಇಲ್ಲದಿದ್ದರೆ ಯಾವ ಗೇರೂ ಅದನ್ನು ಸರಿ ಮಾಡಲ್ಲ. ಹಿಂದಿನ ಚಕ್ರ ಕೂರುವ ಜಾಗದ ಅಗಲವನ್ನೂ ಅಳೆಯಿರಿ. 130 ಮಿಲಿಮೀಟರ್ ಇದ್ದರೆ ಈಗಿನ ರಿಮ್ ಬ್ರೇಕ್ ಚಕ್ರ ಸುಲಭವಾಗಿ ಕೂರುತ್ತದೆ. 126 ಇದ್ದರೆ ಫ್ರೇಮನ್ನು ಅಗಲಿಸಬೇಕು. ಉಕ್ಕಾದರೆ ಅದನ್ನು ಮಾಡಬಹುದು, ಅಲ್ಯೂಮಿನಿಯಂ ಆದರೆ ಬೇಡ. ರಿಮ್ಮಿನ ಬದಿಗೆ ಬೆರಳಾಡಿಸಿ. ಬ್ರೇಕ್ ಉಜ್ಜಿ ಗುಳಿ ಬಿದ್ದಿದ್ದರೆ ಚಕ್ರಗಳನ್ನೇ ಬದಲಿಸಬೇಕಾಗುತ್ತದೆ. ಆ ಖರ್ಚೂ ಸೇರಿದಾಗ ನಾನಾಗಿದ್ದರೆ ಹೊಸದನ್ನೇ ನೋಡುತ್ತಿದ್ದೆ.