ಹುಬ್ಬಳ್ಳಿಯಲ್ಲಿ ಡ್ಯಾಶ್‌ಕ್ಯಾಮ್‌ಗೆ ಮೆಮೊರಿ ಕಾರ್ಡ್ ತಗೊಳ್ಳೋರು ಸ್ವಲ್ಪ ನಿಲ್ಲಿ

ಮೊದಲು ವಿಷಯ ಹೇಳಿಬಿಡುತ್ತೇನೆ. ಹುಬ್ಬಳ್ಳಿ ಪೇಟೆಯ ಒಂದು ಮೊಬೈಲ್ ಅಂಗಡಿಯವನು 128 ಜಿಬಿ ಅಂತ ನನಗೆ ಮಾರಿದ ಮೆಮೊರಿ ಕಾರ್ಡಿನೊಳಗೆ ಇದ್ದದ್ದು ಬರೀ 16 ಜಿಬಿ. ಕಾರ್ಡ್ ಕೈಕೊಟ್ಟಿದೆ ಅಂತ ನನಗೆ ಗೊತ್ತಾಗಿದ್ದು ಮನೆಯಲ್ಲಿ ಆರಾಮಾಗಿ ಕೂತಾಗ ಅಲ್ಲ. ಅಣ್ಣಿಗೇರಿ ದಾಟಿ ಗದಗ ರಸ್ತೆಯಲ್ಲಿ, ಬಾನೆಟ್ ಒಡೆದುಕೊಂಡು, ಊರ ಜನರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಿಂದುಮುಂದಾದರೆ ಸುಧಾರಿಸಿಕೊಂಡು ಓದಿ.

ಡ್ಯಾಶ್‌ಕ್ಯಾಮ್, ಅಂದರೆ ಕಾರಿನ ಮುಂದಿನ ಗಾಜಿನ ಹತ್ತಿರ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಯಾಕೆ ಹಾಕಿಸಿದೆ ಅಂತ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಬೇಕಿಲ್ಲ. ಬೈಪಾಸ್ ಮೇಲೆ ಎದುರಿನ ಲಾರಿ ಯಾವಾಗ ನಮ್ಮ ಕಡೆಗೆ ಬರುತ್ತದೋ, ಚೆನ್ನಮ್ಮ ಸರ್ಕಲ್ ಹತ್ತಿರ ಆಟೋ ಯಾವ ಸಂದಿಯಿಂದ ನುಗ್ಗುತ್ತದೋ ದೇವರಿಗೇ ಗೊತ್ತು. ಗುದ್ದಿದ ಮೇಲೆ ತಪ್ಪು ಯಾವಾಗಲೂ ಕಾರಿನವನದೇ. ಅದಕ್ಕೇ ಕ್ಯಾಮೆರಾ. ಕ್ಯಾಮೆರಾ ಚಲೋದೇ ಇತ್ತು, ಇವತ್ತಿಗೂ ಚಲೋ ನಡೆಯುತ್ತಿದೆ. ಅದರ ಡಬ್ಬಿಯಲ್ಲಿ ಕಾರ್ಡ್ ಬರಲಿಲ್ಲ, ಅಷ್ಟೆ.

ಅಂಗಡಿಗೆ ಹೋಗಿ ನಾನು ಕೇಳಿದ ಮಾತು ಇದು: "ಡ್ಯಾಶ್‌ಕ್ಯಾಮ್‌ಗೆ ಹಾಕಬೇಕ್ರಿ, ದಿನಾ ರೆಕಾರ್ಡ್ ಆಗತೈತಿ, ಚಲೋ ಕಾರ್ಡ್ ಕೊಡ್ರಿ." ಚಲೋ ಕಾರ್ಡ್ ಅಂತಲೇ ಕೇಳಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವನು ದೊಡ್ಡ ಕಂಪನಿಯ ಹೆಸರಿದ್ದ ಪ್ಯಾಕ್ ಒಂದನ್ನು ಕೌಂಟರ್ ಮೇಲಿಟ್ಟ. ಸೀಲ್ ಇತ್ತು, ಹೊಲೊಗ್ರಾಮ್ ಇತ್ತು, 10 ವರ್ಷ ವಾರಂಟಿ ಅಂತ ಬರೆದಿತ್ತು. 800 ರೂಪಾಯಿ. ಬಿಲ್ ಕೇಳಿದರೆ ಒಂದು ಹಳದಿ ಚೀಟಿ ಹರಿದುಕೊಟ್ಟ. ಮೇಲೆ "ಎಸ್ಟಿಮೇಟ್" ಅಂತ ಅಚ್ಚು, ಕೆಳಗೆ "ಮೆಮೊರಿ 1". ಪಕ್ಕಾ ಬಿಲ್ ಕೊಡ್ರಿ ಅಂದೆ. "ಜಿಎಸ್‌ಟಿ ಬಿಲ್ ಬೇಕಂದ್ರ 18 ಪರ್ಸೆಂಟ್ ಮ್ಯಾಲೆ ಬರತೈತ್ರಿ ಸರ್, ಸುಮ್ನ ಯಾಕ್ರಿ? ಏನರ ಆದ್ರ ನಾ ಇದ್ದೀನಿಲ್ರಿ" ಅಂದ.

ನಾ ಇದ್ದೀನಿಲ್ರಿ. ಹೌದು, ಇದ್ದಾನೆ. ಅಲ್ಲೇ ಇದ್ದಾನೆ.

ಕಾರ್ಡ್ ಹಾಕಿದ ದಿನ ಎಲ್ಲ ಸರಿ ಇತ್ತು. ಮನೆಯವರನ್ನು ಕೂಡಿಸಿಕೊಂಡು ನೃಪತುಂಗ ಬೆಟ್ಟಕ್ಕೆ ಹೋಗಿ ಬಂದೆ. ಮೊಬೈಲ್‌ನಲ್ಲಿ ವಿಡಿಯೋ ನೋಡಿದರೆ ನಂಬರ್ ಪ್ಲೇಟ್ ಕೂಡ ಸ್ಪಷ್ಟ. ಕ್ಯಾಮೆರಾ 128 ಜಿಬಿ ಅಂತ ತೋರಿಸುತ್ತಿತ್ತು. ಗಾಡಿ ಚಾಲು ಮಾಡಿದರೆ ಕೆಂಪು ದೀಪ ಮಿಣಿಮಿಣಿ. ಇನ್ನೇನು ಬೇಕು?

ಆಮೇಲೆ ಆ ದಿನ. ಒಂದು ಚಹಾದಂಗಡಿ ಎದುರು ಉಳ್ಳಾಗಡ್ಡಿ ಹೇರಿದ ಟೆಂಪೊ ನಿಂತಿತ್ತು. ಅದರ ಹಿಂದೆ, ಸಾಕಷ್ಟು ಜಾಗ ಬಿಟ್ಟು ನಾನು ಕಾರು ನಿಲ್ಲಿಸಿದೆ. ಟೆಂಪೊದವನು ನೋಡದೆ ರಿವರ್ಸ್ ತಗೊಂಡ. ಹಾರ್ನ್ ಹೊಡೆದೆ, ಕೂಗಿದೆ. ಬಂದು ಸೀದಾ ಬಾನೆಟ್‌ಗೆ ಕುಟ್ಟಿದ. ಇಳಿದು ಬಂದವನು ಹೇಳಿದ್ದೇನು? "ನಿಂತ ಗಾಡಿಗೆ ಹಿಂದಿಂದ ಬಂದು ಹೊಡದೀರಲ್ರಿ ಸಾಹೇಬ್ರ!" ನೋಡಿದವರಿಗೂ ಹಾಗೇ ಕಾಣುತ್ತದೆ. ಕಾರು ಹಿಂದೆ, ಟೆಂಪೊ ಮುಂದೆ.

ನನಗೇನೂ ಚಿಂತೆ ಇರಲಿಲ್ಲ. ಕ್ಯಾಮೆರಾ ಇದೆಯಲ್ಲ! ದೊಡ್ಡ ಧ್ವನಿಯಲ್ಲೇ ಹೇಳಿದೆ, "ಎಲ್ಲಾ ರೆಕಾರ್ಡ್ ಆಗೇತಿ, ಈಗ ತೋರಸ್ತೀನಿ ನಿಲ್ರಿ." ಜನ ಸೇರಿದರು. ಚಹಾ ಕುಡಿಯುತ್ತಿದ್ದವರು ಗ್ಲಾಸ್ ಹಿಡಿದೇ ಬಂದರು. ಮೊಬೈಲ್ ತೆಗೆದು ಕ್ಯಾಮೆರಾದ ವೈಫೈಗೆ ಜೋಡಿಸಿದೆ. ಫೈಲ್ ಇತ್ತು. ಅದೇ ದಿನ, ಅದೇ ಹೊತ್ತು. ಒತ್ತಿದೆ. ಕಪ್ಪು ಪರದೆ. ಈ ಫೈಲ್ ಓಪನ್ ಆಗುವುದಿಲ್ಲ ಅಂತ ಬಂತು. ಅದರ ಹಿಂದಿನದು ಒತ್ತಿದೆ, ಅದೂ ಅಷ್ಟೆ. ಅದರ ಹಿಂದಿನದು, ಅದರ ಹಿಂದಿನದು. ಬೆವರು ಇಳಿಯಿತು. ಕೆಳಗೆ ಕೆಳಗೆ ಹೋದರೆ ಒಂದು ವಿಡಿಯೋ ಓಡಿತು. ಯಾವುದು ಗೊತ್ತಾ? ನೃಪತುಂಗ ಬೆಟ್ಟ. ನನ್ನ ಮಗಳು ಹಿಂದಿನ ಸೀಟಿನಿಂದ ಐಸ್‌ಕ್ರೀಮ್ ಬೇಕು ಅಂತ ಹಟ ಮಾಡೋದು ಅಣ್ಣಿಗೇರಿ ರಸ್ತೆಯಲ್ಲಿ ಎಲ್ಲರಿಗೂ ಕೇಳಿಸಿತು.

"ನಿಮ್ಮ ಕ್ಯಾಮೆರಾ ನಿದ್ದಿ ಹೊಡದಿತ್ತೇನ್ರಿ?" ಅಂತ ಯಾರೋ ಹಿಂದಿನಿಂದ ಅಂದರು. ನಕ್ಕರು. ಟೆಂಪೊದವನ ಧ್ವನಿ ಏರಿತು. ವಿಡಿಯೋ ಇದ್ದೂ ಬೇಕೆಂದೇ ತೋರಿಸುತ್ತಿಲ್ಲ ಅನ್ನುವ ತನಕ ಮಾತು ಹೋಯಿತು. ಕೊನೆಗೆ ಅವನ ಹಿಂದಿನ ಲೈಟಿಗೆ ಅಂತ 1500 ರೂಪಾಯಿ ಕೊಟ್ಟು ಅಲ್ಲಿಂದ ಹೊರಟೆ. ಗುದ್ದಿದವನು ಅವನು, ದುಡ್ಡು ಕೊಟ್ಟವನು ನಾನು. ಬಾನೆಟ್ ರಿಪೇರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಸತತ 5 ವರ್ಷ ಕ್ಲೇಮ್ ಇಲ್ಲದೆ ಕಾಯ್ದರೆ, ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಸಿಗುವ 50 ಪರ್ಸೆಂಟ್ ರಿಯಾಯಿತಿ ಅದು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ರಿಪೇರಿಯನ್ನೂ ಕೈಯಿಂದಲೇ ಮಾಡಿಸಿದೆ. 800 ರೂಪಾಯಿಯ ಕಾರ್ಡ್ ನನಗೆ ಎಷ್ಟಕ್ಕೆ ಬಿತ್ತು ನೀವೇ ಲೆಕ್ಕ ಹಾಕಿ.

ಧಾರವಾಡದಲ್ಲಿ ನನ್ನ ಅಕ್ಕನ ಮಗ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಕಾರ್ಡ್ ಅವನ ಕೈಗೆ ಕೊಟ್ಟೆ. ಎಚ್2ಟೆಸ್ಟ್‌ಡಬ್ಲ್ಯು ಅಂತ ಒಂದು ಸಣ್ಣ ಸಾಫ್ಟ್‌ವೇರ್ ಇದೆ, ಫ್ರೀ. ಅದು ಕಾರ್ಡ್ ತುಂಬುವ ತನಕ ಫೈಲ್ ಬರೆಯುತ್ತದೆ. ಆಮೇಲೆ ಬರೆದದ್ದನ್ನೆಲ್ಲ ಓದಿ, ಹೊಂದುತ್ತದೋ ಇಲ್ಲವೋ ನೋಡುತ್ತದೆ. ಗಂಟೆಗಟ್ಟಲೆ ನಡೆಯಿತು. ಮುಗಿದಾಗ ಕೆಂಪು ಅಕ್ಷರ. 14 ಜಿಬಿ ಚಿಲ್ಲರೆ ಸರಿ, ಉಳಿದದ್ದೆಲ್ಲ ಲಾಸ್ಟ್, ಅಂದರೆ ಕಳೆದುಹೋಗಿದೆ. "ಮಾಮಾ, ಇದು 16 ಜಿಬಿದ್ದು. ನಿಂಗ ಟೋಪಿ ಹಾಕ್ಯಾರ" ಅಂದ.

ಅವನು ಬಿಡಿಸಿ ಹೇಳಿದ ಮೇಲೆ ಎಲ್ಲ ತಿಳಿಯಿತು. ಪ್ರತಿ ಕಾರ್ಡಿನೊಳಗೆ ಒಂದು ಕಂಟ್ರೋಲರ್ ಚಿಪ್ ಇರುತ್ತದೆ. ನನ್ನಲ್ಲಿ ಇಷ್ಟು ಜಾಗ ಇದೆ ಅಂತ ಹೇಳುವುದು ಅದೇ. ಫೋನ್ ಆಗಲಿ ಕ್ಯಾಮೆರಾ ಆಗಲಿ ಅದು ಹೇಳಿದ್ದನ್ನೇ ನಂಬುತ್ತವೆ. ನಕಲಿ ಮಾಡುವವರು ಆ ಚಿಪ್‌ಗೆ ಸುಳ್ಳು ಕಲಿಸಿರುತ್ತಾರೆ. ಒಂದು ಸೇರಿನ ಡಬ್ಬಿಗೆ ಎಂಟು ಸೇರು ಅಂತ ಚೀಟಿ ಅಂಟಿಸಿದ ಹಾಗೆ. ಫೈಲಿನ ಹೆಸರು, ತಾರೀಖು, ಸೈಜ್ ಬರೆದಿಡುವ ಪಟ್ಟಿ ಕಾರ್ಡಿನ ಶುರುವಿನಲ್ಲೇ ಇರುತ್ತದೆ. ಹಾಗಾಗಿ ಹೆಸರು ಕಾಣುತ್ತದೆ, ಒಳಗೆ ವಿಡಿಯೋ ಇರುವುದಿಲ್ಲ. ಫುಲ್ ಎಚ್‌ಡಿ ಕ್ಯಾಮೆರಾ ಗಂಟೆಗೆ ಸುಮಾರು 6-7 ಜಿಬಿ ತಿನ್ನುತ್ತದೆ. ಅಂದರೆ ಮೊದಲ ಎರಡು ಗಂಟೆ ಮಾತ್ರ ನಿಜವಾದ ರೆಕಾರ್ಡಿಂಗ್. ಆಮೇಲೆ ಬರೆದದ್ದೆಲ್ಲ ಗಾಳಿಗೆ. ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದು ಬರೆಯುವುದು ಡ್ಯಾಶ್‌ಕ್ಯಾಮ್ ಪದ್ಧತಿ, ಆದರೆ ಅದಕ್ಕೆ 128 ತುಂಬಬೇಕು ಅಲ್ವಾ? ಅದಕ್ಕೇ ಬೆಟ್ಟದ ವಿಡಿಯೋ ಉಳಿಯಿತು, ಬೇಕಾದದ್ದು ಉಳಿಯಲಿಲ್ಲ. ಕೆಂಪು ದೀಪ ಮಾತ್ರ ಮಿಣಿಮಿಣಿ ಅನ್ನುತ್ತಲೇ ಇತ್ತು.

ಈಗ ಅಂಗಡಿಯವನ ಮಾತು ಕೇಳಿ. ಇದನ್ನು ಬರೆಯಬೇಕು ಅಂತಲೇ ಕೂತಿದ್ದೇನೆ.

ಮೊದಲು ಫೋನ್ ಮಾಡಿದೆ. "ಕಾರ್ಡ್ ಚಲೋನ ಐತ್ರಿ ಸರ್, ನಿಮ್ಮ ಕ್ಯಾಮೆರಾ ಚೈನಾದ್ದಿರಬೇಕು ನೋಡ್ರಿ." ಕ್ಯಾಮೆರಾ ಬೇರೆ ಕಾರ್ಡ್ ಹಾಕಿದರೆ ಸರಿಯಾಗಿ ನಡೆಯುತ್ತದೆ ಅಂದೆ. "128 ತೋರಸ್ತೈತೋ ಇಲ್ರಿ? ತೋರಸ್ತೈತಿ ಅಂದ್ರ ಮತ್ತೇನ್ರಿ?" ಟೆಸ್ಟ್ ಮಾಡಿದ ಫೋಟೋ ವಾಟ್ಸಾಪ್ ಮಾಡಿದೆ. ಎರಡು ನೀಲಿ ಗೀಟು ಬಿತ್ತು, ಉತ್ತರ ಇಲ್ಲ. ಮತ್ತೆ ಫೋನ್. "ಬಿಸಲಾಗ ಗಾಡಿ ನಿಂದ್ರಸಿರ್ತೀರಿ, ಕಾರ್ಡ್ ಸುಟ್ಟಿರತೈತ್ರಿ." ಇದಂತೂ ಹಸಿ ಸುಳ್ಳು. ದೊಡ್ಡ ಕಂಪನಿಗಳು ತಮ್ಮ ಕಾರ್ಡ್ 85 ಡಿಗ್ರಿ ಸೆಲ್ಸಿಯಸ್ ತನಕ ನಡೆಯುತ್ತದೆ ಅಂತ ಬರೆದಿರುತ್ತವೆ. ಮತ್ತೆ, ಬಿಸಿಲಿಗೆ ಸುಟ್ಟ ಕಾರ್ಡ್ 14 ಜಿಬಿ ಮಾತ್ರ ಸರಿಯಾಗಿ ಉಳಿಸಿಕೊಂಡು ಸುಡುತ್ತದೆಯೇ?

ಕೊನೆಗೆ ನಾನೇ ಹೋದೆ. ಅಂಗಡಿ ತುಂಬ ಗಿರಾಕಿ. ಚೀಟಿ ತೋರಿಸಿದೆ. "ಇದು ಬಿಲ್ ಅಲ್ರಿ ಸರ್, ಎಸ್ಟಿಮೇಟ್." ಅವನೇ ಕೊಟ್ಟ ಚೀಟಿ! ಪ್ಯಾಕ್ ತೋರಿಸಿದೆ. "ಸೀಲ್ ಒಡದ ಮ್ಯಾಲೆ ನಮ್ಮ ಜವಾಬ್ದಾರಿ ಇಲ್ರಿ." ಸೀಲ್ ಒಡೆಯದೆ ಕಾರ್ಡನ್ನು ಕ್ಯಾಮೆರಾಗೆ ಹೇಗೆ ಹಾಕೋದು ಸ್ವಾಮಿ? ನನ್ನ ಧ್ವನಿ ಏರಿತು. ಗಿರಾಕಿಗಳು ತಿರುಗಿ ನೋಡತೊಡಗಿದರು. ಆಗ ಅವನು ನನ್ನನ್ನು ಬದಿಗೆ ಕರೆದ. ಕೌಂಟರ್ ಕೆಳಗಿನ ಇನ್ನೊಂದು ಡ್ರಾಯರ್ ಎಳೆದ. ಅದೇ ಕಂಪನಿಯ, ಅದೇ ಬಣ್ಣದ ಇನ್ನೊಂದು ಪ್ಯಾಕ್ ತೆಗೆದು ಮೆಲ್ಲಗೆ ಅಂದ:

"ಸರ್, ಒರಿಜಿನಲ್ ಬೇಕಂದ್ರ ಮೊದಲ ಹೇಳಬೇಕಿತ್ರಿ. ಇದಕ್ಕ ರೇಟ್ ಬ್ಯಾರೆ ಐತಿ. ಮ್ಯಾಲಿಂದು ಅಷ್ಟ ಕೊಡ್ರಿ."

ಒರಿಜಿನಲ್ ಬೇಕಂದ್ರ ಮೊದಲ ಹೇಳಬೇಕಿತ್ತಂತೆ. ಮೊದಲೇ ಹೇಳಬೇಕಿತ್ತಂತೆ! ಅಲ್ಲಿಯ ತನಕ ನನಗೆ ಒಂದು ಅನುಮಾನ ಇತ್ತು, ಪಾಪ ಇವನಿಗೂ ಯಾರೋ ಹೋಲ್‌ಸೇಲ್‌ನವರು ಮೋಸ ಮಾಡಿರಬಹುದು ಅಂತ. ಇಲ್ಲ. ಇವನಿಗೆ ಗೊತ್ತಿತ್ತು. ಎರಡು ಡ್ರಾಯರ್ ಇಟ್ಟುಕೊಂಡಿದ್ದಾನೆ. ಚಲೋ ಕಾರ್ಡ್ ಅಂತ ಕೇಳಿದವನಿಗೆ ಮೇಲಿನ ಡ್ರಾಯರ್. ಗಲಾಟೆ ಮಾಡಿದವನಿಗೆ ಕೆಳಗಿನ ಡ್ರಾಯರ್, ಅದೂ ಮೇಲೆ ದುಡ್ಡು ಕೊಟ್ಟರೆ. ಹಾಗಾದರೆ ನನಗೆ ಮೊದಲು ಕೊಟ್ಟಿದ್ದು ಏನು ಅಂತ ಕೇಳಿದೆ. "ಅದೂ ನಡೀತೈತ್ರಿ, ಹಾಡು ಹಾಕ್ಕೊಳ್ಳಾಕ ಜನ ಒಯ್ತಾರ್ರಿ." ದುಡ್ಡು ವಾಪಸ್ ಕೊಡಲಿಲ್ಲ. ಆ ಎರಡನೇ ಡ್ರಾಯರಿನದೂ ನಾನು ಮುಟ್ಟಲಿಲ್ಲ. ಅದು ಒರಿಜಿನಲ್ ಅಂತ ಹೇಳೋದೂ ಅದೇ ಬಾಯಿ ತಾನೆ.

ನೀವು ತಗೊಳ್ಳುವಾಗ ಇಷ್ಟು ನೋಡಿ. ಪ್ಯಾಕ್ ಮೇಲೆ ಎಂಡ್ಯೂರೆನ್ಸ್ ಅಂತ ಇರಬೇಕು. ಸ್ಯಾಮ್‌ಸಂಗ್‌ನಲ್ಲಿ ಪ್ರೊ ಎಂಡ್ಯೂರೆನ್ಸ್, ಸ್ಯಾನ್‌ಡಿಸ್ಕ್‌ನಲ್ಲಿ ಹೈ ಎಂಡ್ಯೂರೆನ್ಸ್, ಮ್ಯಾಕ್ಸ್ ಎಂಡ್ಯೂರೆನ್ಸ್ ಅಂತ ಬರುತ್ತವೆ. ದಿನವಿಡೀ ಬರೆದು ಅಳಿಸಿ ಬರೆಯುವ ಕ್ಯಾಮೆರಾಗಳಿಗೆ ಅಂತಲೇ ಮಾಡಿದವು ಇವು. ಸಾದಾ ಕಾರ್ಡ್ ಒರಿಜಿನಲ್ ಆದರೂ ಬೇಡ. ಡ್ಯಾಶ್‌ಕ್ಯಾಮ್‌ನಲ್ಲಿ ಬಳಸಿದರೆ ವಾರಂಟಿ ಇಲ್ಲ ಅಂತ ಹಲವು ಕಂಪನಿಗಳು ಷರತ್ತಿನಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಯು3 ಅಥವಾ ವಿ30 ಅಂತ ಗುರುತಿದ್ದರೆ ಒಳ್ಳೆಯದು, ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ ಬರೆಯುತ್ತದೆ. ಎ1, ಎ2 ಅಂತ ತೋರಿಸಿ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ, ಅದು ಫೋನಿನ ಆ್ಯಪ್‌ಗಳಿಗೆ. ನಿಮ್ಮ ಕ್ಯಾಮೆರಾ ಎಷ್ಟು ಜಿಬಿ ತನಕ ತಗೊಳ್ಳುತ್ತದೆ ಅಂತ ಅದರ ಪುಸ್ತಕದಲ್ಲಿ ಇರುತ್ತದೆ, ನೋಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ 128ರ ಕಾರ್ಡ್ 119 ಅಂತ ತೋರಿಸಿದರೆ ಗಾಬರಿ ಬೇಡ, ಅದು ಲೆಕ್ಕದ ಪದ್ಧತಿ, ಮೋಸ ಅಲ್ಲ.

ಎಲ್ಲಕ್ಕಿಂತ ಮೊದಲು, ಕಾರಿಗೆ ಹಾಕುವ ಮುಂಚೆ ಪೂರ್ತಿ ತುಂಬಿಸಿ ಟೆಸ್ಟ್ ಮಾಡಿ. ರಾತ್ರಿ ಹಚ್ಚಿಟ್ಟು ಮಲಗಿ. ವಿಂಡೋಸ್ ಇದ್ದವರಿಗೆ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್3 ಅಂತ ಅಂಥದೇ ಸಾಫ್ಟ್‌ವೇರ್ ಇದೆ. ಹೊಲೊಗ್ರಾಮ್, ಸೀಲ್ ಯಾವುದನ್ನೂ ನಂಬಬೇಡಿ. ಆಮೇಲೂ ಆಗಾಗ ಹೊಸ ವಿಡಿಯೋ ಒಂದನ್ನು ತೆಗೆದು ಓಡಿಸಿ ನೋಡಿ, ಹಳೆಯದಲ್ಲ, ಹೊಸದು. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಇನ್ನೊಂದು, ಜಿ-ಸೆನ್ಸರ್, ಅಂದರೆ ಗಾಡಿ ಕುಲುಕಿದ್ದನ್ನು ಗುರುತಿಸುವ ಸೆಟ್ಟಿಂಗ್, ಕಡಿಮೆಗೆ ಇಡಿ. ನಮ್ಮೂರ ರಸ್ತೆಯ ಪ್ರತಿ ಗುಂಡಿಯನ್ನೂ ಅದು ಅಪಘಾತ ಅಂದುಕೊಂಡು ಆ ಫೈಲ್ ಲಾಕ್ ಮಾಡುತ್ತದೆ. ಲಾಕ್ ಆದದ್ದು ತಾನಾಗಿ ಅಳಿಯುವುದಿಲ್ಲ, ಒರಿಜಿನಲ್ ಕಾರ್ಡೂ ಬೇಗ ತುಂಬಿಹೋಗುತ್ತದೆ.

ಜಿಎಸ್‌ಟಿ ಬಿಲ್ ಬಿಡಬೇಡಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಬಿಲ್ ಕೊಡುತ್ತೇನೆ ಅಂತ ಅದರ ಮೇಲೆ ಕೇಳುವ ಹಾಗಿಲ್ಲ. ನಾನು ಯುಪಿಐ ಮಾಡಿದ್ದರಿಂದ ದುಡ್ಡು ಕೊಟ್ಟ ದಾಖಲೆ ಇದೆ. ಅದನ್ನೇ ಹಿಡಿದು 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದ ಒಳಗಿನದಕ್ಕೆ ಅಲ್ಲಿ ಶುಲ್ಕ ಇಲ್ಲ. 800 ರೂಪಾಯಿಗೆ ಯಾಕಷ್ಟು ಓಡಾಟ ಅಂತ ಮನೆಯಲ್ಲಿ ಬೈಯುತ್ತಿದ್ದಾರೆ. ಬೈಯಲಿ.

ದೂರು ಕೊಟ್ಟ ವಿಷಯ ಅವನಿಗೂ ವಾಟ್ಸಾಪ್‌ನಲ್ಲಿ ತಿಳಿಸಿದೆ. ಅದಕ್ಕೆ ಬಂದ ಉತ್ತರ ಒಂದು ಕೈಮುಗಿದ ಚಿತ್ರ. ಅಷ್ಟೆ. ನಿನ್ನೆ ಅವನ ಸ್ಟೇಟಸ್ ನೋಡಿದರೆ ಹೊಸ ಆಫರ್ ಹಾಕಿದ್ದಾನೆ: 256 ಜಿಬಿ, 900 ರೂಪಾಯಿ, ಡ್ಯಾಶ್‌ಕ್ಯಾಮ್ ಸ್ಪೆಷಲ್.