ಒಂದೇ ನಮೂನೆ, ಮೂರು ವಸ್ತು: ದುಬಾರಿ ಕೈಚೀಲಕ್ಕೆ ಯಾವ ಚರ್ಮ?

ನಮೂನೆ ಒಂದೇ: ಎರಡು ಮೈತುಂಡು, ಒಂದು ಪಕ್ಕೆಪಟ್ಟಿ, ಎರಡು ಹಿಡಿಕೆ. ಹೊಲಿಗೆ ಕೈಯದ್ದು. ಬದಲಾದದ್ದು ವಸ್ತು ಮಾತ್ರ: ತೊಗಟೆಯ ಒಗರಿನಿಂದ ಹದ ಮಾಡಿದ ಚರ್ಮ, ಕ್ರೋಮ್ ಹದದ (ಕ್ರೋಮಿಯಂ ಲವಣದಿಂದ ಹದ ಮಾಡಿದ) ಚರ್ಮ, ಕಳ್ಳಿಯ ಹೆಸರಿನಲ್ಲಿ ಸಿಗುವ ಲೇಪಿತ ಹಾಳೆ. ದುಬಾರಿ ಚೀಲ ಇಪ್ಪತ್ತು ವರ್ಷ ಬಾಳಬೇಕು, ನಡುವೆ ಬಿಚ್ಚಿ ರಿಪೇರಿ ಮಾಡಲು ಬರಬೇಕು. ಅಷ್ಟು ಬಾಳದ ವಸ್ತು ಎಲ್ಲಿಂದ ಬಂದರೂ ಅದನ್ನು ಪರಿಸರಸ್ನೇಹಿ ಎನ್ನಲು ನಮಗೆ ಮನಸ್ಸಿಲ್ಲ. ಈ ಅಳತೆಗೋಲಿನಲ್ಲಿ ಹಿಡಿಕೆಗೂ ಗಟ್ಟಿ ಆಕಾರದ ಮೈಗೂ ತೊಗಟೆ ಹದವೇ ಮುಂದು. ಮೆತ್ತಗೆ ನೆರಿಗೆ ಬೀಳಬೇಕಾದ ಚೀಲಕ್ಕೆ ಕ್ರೋಮ್. ಲೇಪಿತ ಹಾಳೆ ಭಾರ ಹೊರುವ ಕಡೆ ಬೇಡವೇ ಬೇಡ.

ತೊಗಟೆ ಹದಕ್ಕೆ ಮಿಮೋಸಾ, ಕೆಬ್ರಾಚೊ, ಚೆಸ್ಟ್‌ನಟ್ ಮರಗಳ ಒಗರು ಬಳಸುತ್ತಾರೆ. ಗುಂಡಿಯಲ್ಲಿ ನೆನೆಸಿದರೆ ತಿಂಗಳುಗಳೇ ಬೇಕು. ತಿರುಗುವ ಪೀಪಾಯಿಯಲ್ಲಾದರೆ ದಿನಗಳಿಂದ ವಾರಗಳು. ಇದರ ನಿಜವಾದ ಲಾಭ ಅಂಚಿನಲ್ಲಿದೆ. 220, 400, 600 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಕ್ರಮವಾಗಿ ಉಜ್ಜಿ, ಸ್ವಲ್ಪ ಒದ್ದೆ ಮಾಡಿ, ಅಂಟುಗೋಂದು ಸವರಿ ಮರದ ತುಂಡಿನಿಂದ ತಿಕ್ಕಿದರೆ ನಾರುಗಳು ಒತ್ತಿಕೊಂಡು ಗಾಜಿನಂತೆ ಹೊಳೆಯುತ್ತವೆ. ಹತ್ತು ವರ್ಷದ ನಂತರ ಅಂಚು ಸವೆದರೂ ಅದೇ ಕೆಲಸ ಮತ್ತೆ ಮಾಡಬಹುದು, ಬಣ್ಣದ ಪದರ ಕಿತ್ತು ಬರುವ ಭಯವಿಲ್ಲ. ಹಿಡಿಕೆಯನ್ನು ಬೆನ್ನಿನ ಭಾಗದಿಂದ, ಬೆನ್ನೆಲುಬಿಗೆ ಸಮಾನಾಂತರವಾಗಿ ಕತ್ತರಿಸಬೇಕು. ಹೊಟ್ಟೆಯ ಭಾಗದಿಂದ ಕತ್ತರಿಸಿದ ಹಿಡಿಕೆ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ.

ಕೆಡುವ ಜಾಗಗಳೂ ಗೊತ್ತಿರಲಿ. ಒದ್ದೆ ಚರ್ಮಕ್ಕೆ ಕಬ್ಬಿಣದ ಉಪಕರಣ ತಾಗಿದರೆ ಒಗರು ಕಬ್ಬಿಣದೊಂದಿಗೆ ಸೇರಿ ಕಪ್ಪು ಕಲೆ ಬೀಳುತ್ತದೆ. ತೆಳುವಾದ ಆಕ್ಸಾಲಿಕ್ ಆಮ್ಲದಿಂದ ಬಹುಮಟ್ಟಿಗೆ ಹೋಗುತ್ತದೆ. ಒಂದೇ ಕಡೆ ಬಿದ್ದ ನೀರಿನ ಹನಿ ಗುರುತು ಉಳಿಸುತ್ತದೆ. ಬಿಸಿಲಿಗೆ ಬಣ್ಣ ಗಾಢವಾಗುತ್ತದೆ, ಇದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು. ತುಂಡನ್ನು ಕುದಿಯುವ ನೀರಿಗೆ ಹಾಕಿದರೆ ಸುರುಟಿಕೊಳ್ಳುತ್ತದೆ. ಸರಿಯಾದ ಕ್ರೋಮ್ ಚರ್ಮ ಬಹುತೇಕ ಹಾಗೇ ಉಳಿಯುತ್ತದೆ, ಆದ್ದರಿಂದ ‘ತೊಗಟೆ ಹದ’ ಎಂದು ಮಾರಿದ್ದು ನಿಜವೇ ಎಂದು ನೋಡಲು ಇದೇ ಸುಲಭದ ಪರೀಕ್ಷೆ.

ಕ್ರೋಮ್ ಹದ ಒಂದೆರಡು ದಿನದ ಕೆಲಸ. ಚರ್ಮ ಹಗುರ, ಮೃದು, ಬಣ್ಣ ಸಮನಾಗಿ ಹಿಡಿಯುತ್ತದೆ. ತೊಂದರೆ ನೀರಿನಲ್ಲಿದೆ. ಹಳೆಯ ರೀತಿಯಲ್ಲಿ ಹಾಕಿದ ಕ್ರೋಮಿಯಂನಲ್ಲಿ ಸುಮಾರು 60–70% ಮಾತ್ರ ಚರ್ಮಕ್ಕೆ ಹಿಡಿದು, ಉಳಿದದ್ದು ಕೊಳೆನೀರಿಗೆ ಹೋಗುತ್ತದೆ. ಚರ್ಮಕ್ಕೆ ಹೆಚ್ಚು ಕ್ರೋಮ್ ಹೀರಿಸುವ ವಿಧಾನವನ್ನೂ ಕ್ರೋಮ್ ಮರುಬಳಕೆಯನ್ನೂ ಹದಗಾರರು ಮಾಡುತ್ತಾರೆಯೇ ಎಂದು ಕೇಳದೆ ಖರೀದಿಸಬಾರದು. ಹದಕ್ಕೆ ಬಳಸುವುದು ಮೂರನೇ ಸ್ಥಿತಿಯ ಕ್ರೋಮಿಯಂ, ಅಂದರೆ ಕ್ರೋಮಿಯಂ(III). ಒಣ ಬಿಸಿ, ಕ್ಷಾರ, ಚರ್ಮ ಮೆತ್ತಗಾಗಲು ಹಾಕುವ ಎಣ್ಣೆಯಲ್ಲಿ ತಪ್ಪು ಆಯ್ಕೆಯ ಮೀನೆಣ್ಣೆ ಇವುಗಳಿಂದ ಅದು ಹಾನಿಕಾರಕ ಆರನೇ ಸ್ಥಿತಿಗೆ, ಅಂದರೆ ಕ್ರೋಮಿಯಂ(VI)ಗೆ, ತಿರುಗಬಹುದು. ಮೈಗೆ ತಾಗುವ ಚರ್ಮದಲ್ಲಿ ಇದಕ್ಕೆ ಯುರೋಪಿಯನ್ ಒಕ್ಕೂಟದ ಮಿತಿ 2015ರ ಮೇ ತಿಂಗಳಿಂದ ಕಿಲೋಗೆ 3 ಮಿ.ಗ್ರಾಂ. ತಾಜಾ ಚರ್ಮದ ವರದಿ ಸಾಲದು. 80 ಡಿಗ್ರಿ ಸೆಲ್ಸಿಯಸ್ ಒಣ ಬಿಸಿಯಲ್ಲಿ 24 ಗಂಟೆ ಇಟ್ಟ ನಂತರದ ಪರೀಕ್ಷೆಯ ವರದಿ ಬೇಕು. ಕ್ರೋಮ್ ಚರ್ಮದ ಅಂಚು ತಿಕ್ಕಿದರೆ ಮಿನುಗುವುದಿಲ್ಲ. ಅಂಚುಬಣ್ಣ ಮೂರ್ನಾಲ್ಕು ಪದರ ಹಚ್ಚಬೇಕು, ಪ್ರತಿ ಪದರ ಒಣಗಿದ ಮೇಲೆ ಉಜ್ಜಬೇಕು. ಅವಸರಿಸಿ ಒಮ್ಮೆಲೇ ದಪ್ಪಗೆ ಹಚ್ಚಿದ್ದು ಮಡಿಕೆಯಲ್ಲಿ ಬಿರಿಯುತ್ತದೆ.

ಕಳ್ಳಿ ಹಾಳೆಯ ಅಂಚನ್ನು ಬ್ಲೇಡಿನಿಂದ ಸೀಳಿ ನೋಡಿ: ಕೆಳಗೆ ನೇಯ್ದ ಬಟ್ಟೆ, ಮೇಲೆ ಕಳ್ಳಿಯ ಅಂಶ ಬೆರೆತ ಪಾಲಿಯುರೆಥೇನ್. ಹೆಸರು ಗಿಡದ್ದು, ಹಾಳೆಯನ್ನು ಹಿಡಿದಿಟ್ಟಿರುವುದು ಪ್ಲಾಸ್ಟಿಕ್. ರೋಲಿನಲ್ಲಿ ಬರುವುದರಿಂದ ಕತ್ತರಿಸುವಾಗ ವ್ಯರ್ಥ ಕಡಿಮೆ, ಇದು ನಿಜವಾದ ಹೆಚ್ಚುಗಾರಿಕೆ. ಚರ್ಮದ ಚೂಪು ಸೂಜಿ ಇಲ್ಲಿ ನೇಯ್ಗೆಯ ಎಳೆಗಳನ್ನೇ ಕಡಿಯುತ್ತದೆ. ದುಂಡು ಮೊನೆಯ ಸೂಜಿ ಹಾಕಿ, ಹೊಲಿಗೆಯ ಅಂತರವನ್ನು 3 ಮಿ.ಮೀ.ನಿಂದ 4ಕ್ಕೆ ಏರಿಸಬೇಕು. ಇಲ್ಲದಿದ್ದರೆ ತೂತುಗಳ ಸಾಲೇ ಹರಿಯುವ ಗೆರೆಯಾಗುತ್ತದೆ. ಬಿಸಿ ಮತ್ತು ತೇವ ಸೇರಿದಾಗ ಪಾಲಿಯುರೆಥೇನ್‌ನ ಕೊಂಡಿಗಳು ನೀರಿನಿಂದ ಮುರಿದು ಲೇಪ ಅಂಟಂಟಾಗಿ ಸುಲಿಯುತ್ತದೆ, ಅದರಲ್ಲೂ ಪಾಲಿಯೆಸ್ಟರ್ ಬಗೆಯದ್ದು ಬೇಗ. ಸುಲಿದ ಹಾಳೆಗೆ ರಿಪೇರಿ ಇಲ್ಲ. ಒಳಪದರಕ್ಕೂ ಸಣ್ಣ ಜೇಬಿಗೂ ಬಳಸಿದರೆ ತೊಂದರೆಯಿಲ್ಲ. ಅಣಬೆಯ ಬೇರುಜಾಲದ ಹಾಳೆಯಲ್ಲಿ ಇನ್ನೊಂದು ತೊಡಕು, ಪೂರೈಕೆಯದ್ದು: ಆ ಬಗೆಯ ಹಾಳೆಯ ಒಂದು ಬ್ರ್ಯಾಂಡ್ ಆದ ಮೈಲೋದ ತಯಾರಿಕೆ 2023ರಲ್ಲಿ ನಿಂತಿತು, ಮುಂದೆ ಚೀಲಕ್ಕೆ ತೇಪೆ ಬೇಕಾದರೆ ಅದೇ ವಸ್ತು ಸಿಗುವುದು ಕಷ್ಟ.

ಕಾಗದಪತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಹದಶಾಲೆಗಳನ್ನು ಪರಿಶೀಲಿಸಿ ದರ್ಜೆ ಕೊಡುವ ಸಂಸ್ಥೆ ಲೆದರ್ ವರ್ಕಿಂಗ್ ಗ್ರೂಪ್‌ನ ಗೋಲ್ಡ್ ದರ್ಜೆ ಹೇಳುವುದು ಹದಶಾಲೆಯ ನಿರ್ವಹಣೆಯನ್ನು. ದನ ಮೇಯ್ದದ್ದು ಕಾಡು ಕಡಿದ ನೆಲವೇ ಎಂಬುದನ್ನಲ್ಲ. ತೊಗಲಿನ ಜಾಡು ಕಸಾಯಿಖಾನೆಗೇ ನಿಂತಿದೆಯೋ, ದನ ಹುಟ್ಟಿದ ಫಾರ್ಮಿನವರೆಗೆ ಇದೆಯೋ ಎಂದು ಬರಹದಲ್ಲಿ ಕೇಳಿ. ಮಿಮೋಸಾ ಒಗರಿಗೂ ತೋಪಿನ ಪ್ರಮಾಣಪತ್ರ ಕೇಳಿ.

ಉಳಿದ ಚೂರುಗಳನ್ನು ಮೊದಲೇ ಬೇರೆ ಬೇರೆ ಡಬ್ಬಿಗೆ ಹಾಕಬೇಕು. ತೊಗಟೆ ಹದದ ಚೂರು ಹಿಡಿಕೆಯ ಒಳತುಂಬುವಿಕೆಗೆ, ಜಿಪ್ಪಿನ ಎಳೆಪಟ್ಟಿಗೆ, ಗುಂಡಿಯ ಅಡಿಬಿಲ್ಲೆಗೆ ಆಗುತ್ತದೆ. ಕ್ರೋಮ್ ಚೂರನ್ನು ಸುಡಬಾರದು, ಸುಟ್ಟರೆ ಅದೇ ಆರನೇ ಸ್ಥಿತಿಯ ಕ್ರೋಮಿಯಂ ಬೂದಿಯಲ್ಲಿ ಉಳಿಯಬಹುದು.